ರಾಯಚೂರಿನ ಬಿಸಿಲು ಕಂಡ ಲ್ಯಾಪ್‌ಟಾಪ್: ನಮ್ಮ ಮನೆಯ 37,200 ರೂಪಾಯಿಯ ಲೆಕ್ಕ

2025ರ ನವೆಂಬರ್‌ನಲ್ಲಿ ನಮ್ಮ ಮನೆಗೆ ಒಂದು ಲ್ಯಾಪ್‌ಟಾಪ್ ತಗೊಂಡೆವು. ಆಗಲೇ ಬರೆಯಬಹುದಿತ್ತು. ಆದರೆ ತಗೊಂಡ ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ರಾಯಚೂರಿನ ಬೇಸಿಗೆಯನ್ನು ಅದು ಹೇಗೆ ತಡೆಯುತ್ತದೆ ಅಂತ ನೋಡಿದ ಮೇಲೆಯೇ ಬರೆಯೋಣ ಅಂತ ಕಾದೆ. ಈಗ ಏಪ್ರಿಲ್ ಮುಗಿಯಿತು. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಲ್ಯಾಪ್‌ಟಾಪ್ ಇನ್ನೂ ನಡೆಯುತ್ತಿದೆ.

ನಾನು ಇಲ್ಲಿನ ರಾಜೇಂದ್ರ ಗಂಜ್‌ನಲ್ಲಿ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. 14 ವರ್ಷವಾಯಿತು. ದಿನವಿಡೀ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲೇ ಕೆಲಸ. ಹಾಗಂತ ಕಂಪ್ಯೂಟರ್ ಒಳಗಿನ ವಿಷಯ ನನಗೆ ಗೊತ್ತಿರಲಿಲ್ಲ. ಯಾರೋ ತಂದು ಇಟ್ಟಿದ್ದರ ಮೇಲೆ ಕೂತು ಕೆಲಸ ಮಾಡುವುದಷ್ಟೇ ಗೊತ್ತಿತ್ತು. ನಮ್ಮ ದುಡ್ಡು ಹಾಕಿ ತರಬೇಕು ಅಂದಾಗ ಕಲಿಯಬೇಕಾಯಿತು.

ಮನೆಯಲ್ಲಿ 2015ರಲ್ಲಿ ಜೋಡಿಸಿದ ಒಂದು ಕಂಪ್ಯೂಟರ್ ಇತ್ತು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಯುಪಿಎಸ್ ಕೆಟ್ಟು ಎರಡು ವರ್ಷವಾಗಿತ್ತು. ಕರೆಂಟ್ ಹೋದರೆ ಟಕ್ ಅಂತ ಆಫ್. ಮಗಳು ಬಿ.ಕಾಂ ಎರಡನೇ ವರ್ಷ. ಅರ್ಧ ಗಂಟೆ ಕೂತು ತುಂಬಿದ್ದು ಒಂದು ಕ್ಷಣದಲ್ಲಿ ಹೋದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದು ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು. ನಮ್ಮದು ನಾಲ್ಕನೆಯದು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇನೆ ಅಂತ ನನ್ನ ತಮ್ಮ ಹೇಳಿದ. ಆದರೆ ಟ್ಯಾಲಿಗೆ ವಿಂಡೋಸ್ ಬೇಕು. ಬ್ಯಾಂಕ್ ವ್ಯವಹಾರವನ್ನೂ ಅದೇ ಕಂಪ್ಯೂಟರ್‌ನಲ್ಲಿ ಮಾಡುತ್ತಿದ್ದ ಕಾರಣ ಹೊಸದು ತಗೊಳ್ಳಲೇಬೇಕು ಅಂತ ತೀರ್ಮಾನಕ್ಕೆ ಬಂದೆ. ಓಣಿಯಲ್ಲಿ ಚೀಟಿ ಎತ್ತಿದೆ. 40,000 ಕೈಗೆ ಬಂತು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ.

ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಒಂದು ಕೆಲಸ ತುಂಬಾ ಉಪಯೋಗಕ್ಕೆ ಬಂತು. ಒಂದು ಹಳೆಯ ನೋಟ್‌ಬುಕ್ ತೆಗೆದು ಕಂಪ್ಯೂಟರ್ ಪಕ್ಕ ಇಟ್ಟೆ. ಹತ್ತು ದಿನ ಯಾರು ಕೂತರೂ ಎಷ್ಟು ಹೊತ್ತು, ಏನು ಮಾಡಿದರು ಅಂತ ಬರೆಯಬೇಕು. ಗಂಜ್‌ನಲ್ಲಿ ಚೀಲ ಎಣಿಸುವ ಹಾಗೆ. ಮಗಳು ದಿನಕ್ಕೆ ಮೂರು ಗಂಟೆ ಹತ್ತಿರ: ಟ್ಯಾಲಿ ಅಭ್ಯಾಸ, ಎಕ್ಸೆಲ್, ಕಾಲೇಜಿನ ಪಿಡಿಎಫ್, ಪಾಠದ ವಿಡಿಯೋ, ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಪರೀಕ್ಷೆ ಅರ್ಜಿ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್. ಎಂಟನೇ ಕ್ಲಾಸಿನ ಮಗ ಒಂದು ಗಂಟೆ, ಗಣಿತದ ವಿಡಿಯೋ. ನಾನು ಮುಕ್ಕಾಲು ಗಂಟೆ, ನಮ್ಮ ಮಹಿಳಾ ಸಂಘದ ಲೆಕ್ಕ ಮತ್ತು ಮೀಟಿಂಗಿನ ನಡಾವಳಿ, ಅದು ಕನ್ನಡದಲ್ಲಿ. ನಮ್ಮ ಮನೆಯವರು ಬಸ್ ಕಂಡಕ್ಟರ್. ಅವರು ಕೂತದ್ದು ಎರಡೇ ಸಲ, ಊರಿನ ಹೊಲದ ಪಹಣಿ ತೆಗೆಯುವುದಕ್ಕೆ ಮತ್ತು ಫೋನಿನ ಫೋಟೋ ಹಾಕುವುದಕ್ಕೆ. ಅತ್ತೆ ಸಂಜೆ ಅರ್ಧ ಗಂಟೆ ತತ್ವಪದ ಕೇಳುತ್ತಾರೆ.

ಹತ್ತು ದಿನದ ಪುಟಗಳನ್ನು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ದೊಡ್ಡ ಪ್ರೊಸೆಸರ್ ಬೇಕಾಗುವ ಕೆಲಸ ಒಂದೂ ಇಲ್ಲ. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಆದರೆ ಒಂದೇ ಹೊತ್ತಿಗೆ ಐದಾರು ಕಿಟಕಿ ತೆರೆದಿಡುವುದು ದಿನಾ ಇದೆ. ಮಗಳು ಒಂದು ಕಡೆ ಪಾಠ ಹಚ್ಚಿ, ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಪಿಡಿಎಫ್ ಇಟ್ಟುಕೊಳ್ಳುತ್ತಾಳೆ. ಅದಕ್ಕೆ ಬೇಕಾಗುವುದು ರ‍್ಯಾಮ್. ದಿನಕ್ಕೆ ಐದು ಗಂಟೆ ಮನೆಯವರೆಲ್ಲ ಕಣ್ಣಿಡುವುದು ಪರದೆಯ ಮೇಲೆ. ಬೆರಳಿಡುವುದು ಕೀಬೋರ್ಡಿನ ಮೇಲೆ. ಅಂದರೆ ದುಡ್ಡು ಅಲ್ಲಿ ಹೋಗಬೇಕು, ಮುಂದೆ ಅಂಟಿಸಿದ ಸ್ಟಿಕರ್ ಮೇಲಲ್ಲ. ಇದನ್ನೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡೆ.

ಕೇಳಿದವರೆಲ್ಲ ಒಂದೊಂದು ಸಲಹೆ ಕೊಟ್ಟರು. ನಮ್ಮ ಅಂಗಡಿಯ ಮಾಲೀಕರ ಮಗ, ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಗೆ ಹೋಗಿ ಬನ್ನಿ ಅಂದ. ನಮ್ಮ ಕಡೆಯವರಿಗೆ ಕಂಪ್ಯೂಟರ್ ಅಂದರೆ ಸಿಟಿಸಿ ನೆನಪಾಗುತ್ತದೆ, ರೈಲು ಹತ್ತಿದರೆ ಅದೇ ದಿನ ಹೋಗಿ ಬರಬಹುದು. ಅಲ್ಲಿ ಸಾವಿರವೋ ಎರಡು ಸಾವಿರವೋ ಉಳಿಯಬಹುದು, ಸುಳ್ಳಲ್ಲ. ಆದರೆ ಇಬ್ಬರು ಹೋಗಿ ಬರುವ ಖರ್ಚು, ಹತ್ತಿ ಸೀಸನ್‌ನಲ್ಲಿ ನನ್ನ ಒಂದು ದಿನದ ರಜೆ, ಆಮೇಲೆ ಏನಾದರೂ ಆದರೆ ಹಿಡಿದುಕೊಂಡು ಯಾರ ಹತ್ತಿರ ಹೋಗುವುದು? ಲೆಕ್ಕ ಹಾಕಿದೆ. ಉಳಿತಾಯ ಕಾಣಲಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಯೋಚಿಸಿದೆ. ದೊಡ್ಡ ಕಂಪನಿಗಳ ಆಫೀಸಿನಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ ಮಾರುತ್ತಾರೆ. ಅವುಗಳ ಕಟ್ಟುಮಸ್ತು ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಚೆನ್ನಾಗಿರುತ್ತದೆ, ಕೀಬೋರ್ಡ್ ಅಂತೂ ಬಹಳ ಚೆನ್ನಾಗಿರುತ್ತದೆ. ನನ್ನ ಹತ್ತಿರ 20,000 ಮಾತ್ರ ಇದ್ದಿದ್ದರೆ ನಾನು ಅದನ್ನೇ ತಗೊಳ್ಳುತ್ತಿದ್ದೆ. ಒಂದೇ ಎಚ್ಚರ: ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ಆರು, ಏಳನೇ ತಲೆಮಾರಿನವು ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ಅವುಗಳಲ್ಲಿ ಬಹುತೇಕ ಯಾವುದೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಬ್ಯಾಟರಿಯೂ ಹಳೆಯದಾಗಿರುತ್ತದೆ. ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ನಡೆಯಬೇಕು ಅನ್ನುವುದೇ ಮುಖ್ಯ ಕಾರಣ ಆಗಿದ್ದರಿಂದ ಅದನ್ನು ಬಿಟ್ಟೆ.

ಮೊದಲು ಹೋದದ್ದು ಒಂದು ದೊಡ್ಡ ಶೋರೂಮಿಗೆ. ಬಾಗಿಲಲ್ಲೇ 19,990 ಅಂತ ಬೋರ್ಡ್. ನೋಡಲು ಸುಂದರವಾಗಿತ್ತು, ತೆಳುವಾಗಿತ್ತು. ಒಳಗಿದ್ದದ್ದು ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಮೋಸ ಹೋಗುವುದು ಇಲ್ಲೇ. ವಿಂಡೋಸ್ 11 ನಡೆಯಲು ಕನಿಷ್ಠ ಬೇಕು ಅಂತ ಹೇಳುವುದೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ಅಂದರೆ ಈ ಲ್ಯಾಪ್‌ಟಾಪ್ ಹೊಸ್ತಿಲ ಮೇಲೇ ನಿಂತಿದೆ, ಒಳಗೆ ಬರಲು ಜಾಗವಿಲ್ಲ. ವಿಂಡೋಸ್ ಕೂತ ಮೇಲೆ ಉಳಿಯುವ ಜಾಗದಲ್ಲಿ ಎರಡು ದೊಡ್ಡ ಅಪ್‌ಡೇಟ್ ಬಂದರೆ ಮಗಳ ಪಿಡಿಎಫ್ ಇಡಲೂ ಜಾಗ ಸಿಗುವುದಿಲ್ಲ. ಇಎಂಎಂಸಿ ಅಂದರೆ ಫೈಲ್ ಇಡುವ ಚಿಪ್, ಅಗ್ಗದ ಫೋನಿನಲ್ಲಿ ಇರುವಂಥದ್ದು, ಎಸ್‌ಎಸ್‌ಡಿಗಿಂತ ಬಹಳ ನಿಧಾನ. ಹೆಚ್ಚಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ. ಇಪ್ಪತ್ತು ಸಾವಿರ ಅಗ್ಗ ಅನಿಸುತ್ತದೆ. ಎರಡು ವರ್ಷಕ್ಕೆ ಮೂಲೆ ಸೇರಿದರೆ ಅದೇ ಎಲ್ಲಕ್ಕಿಂತ ದುಬಾರಿ.

ಅದೇ ಅಂಗಡಿಯ ಹುಡುಗ ಇನ್ನೊಂದು ತೋರಿಸಿದ. "ಮೇಡಂ, ಇದು ರೈಜೆನ್ 5 ಐತ್ರಿ, 7000 ಸೀರೀಸ್. ಲೇಟೆಸ್ಟ್. ಐ3 ಯಾಕ್ರಿ ನೋಡ್ತೀರಿ?" ಬೆಲೆ 38,000 ಚಿಲ್ಲರೆ. ಮಾಡೆಲ್ ನಂಬರ್ ಪೂರ್ತಿ ಹೇಳಪ್ಪಾ ಅಂದೆ. ರೈಜೆನ್ 5 7520ಯು. ಮನೆಗೆ ಬಂದು ಮಗಳ ಜೊತೆ ಕೂತು ಹುಡುಕಿದೆ. ಆವತ್ತು ನಾನು ಕಲಿತದ್ದು ಇದು. ಎಎಂಡಿಯ 7000 ಸಾಲಿನಲ್ಲಿ ಮೊದಲ ಅಂಕಿ ಬರೀ ಯಾವ ವರ್ಷದ ಸಾಲು ಅನ್ನುವುದನ್ನು ಹೇಳುತ್ತದೆ. ಒಳಗಿನ ವಿನ್ಯಾಸ ಎಷ್ಟು ಹೊಸದು ಅನ್ನುವುದು ಮೂರನೇ ಅಂಕಿಯಲ್ಲಿದೆ. 7520ಯುದಲ್ಲಿ ಮೂರನೆಯದು 2, ಅಂದರೆ ಝೆನ್ 2. ಅದು 2019ರಲ್ಲಿ ಬಂದ ವಿನ್ಯಾಸ. 7530ಯುದಲ್ಲಿ ಮೂರನೆಯದು 3, ಅಂದರೆ ಝೆನ್ 3. ಮೊದಲನೆಯದರಲ್ಲಿ 4 ಕೋರ್ (ಒಳಗೆ ಕೆಲಸ ಮಾಡುವ ಭಾಗಗಳು), ಎರಡನೆಯದರಲ್ಲಿ 6. ಎರಡಕ್ಕೂ ಹೆಸರು ರೈಜೆನ್ 5, ಸ್ಟಿಕರ್ ಕೂಡ ಒಂದೇ. ಜೊತೆಗೆ 7520ಯು ಇರುವ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಅಂಟಿರುತ್ತದೆ, 8 ಜಿಬಿ ತಗೊಂಡರೆ ಕೊನೆವರೆಗೂ 8 ಜಿಬಿ.

ಇಂಟೆಲ್‌ನಲ್ಲೂ ಇದೇ ಕಥೆ. 13ನೇ ತಲೆಮಾರು ಅಂದಕೂಡಲೇ 12ಕ್ಕಿಂತ ಮೇಲು ಅಂದುಕೊಳ್ಳುತ್ತೇವೆ. ಆದರೆ 13ನೇ ತಲೆಮಾರಿನ ಐ3-1305ಯುದಲ್ಲಿ ಜೋರಾಗಿ ಓಡುವ ಕೋರ್ ಒಂದೇ, ನಿಧಾನದವು ನಾಲ್ಕು. 12ನೇ ತಲೆಮಾರಿನ ಐ3-1215ಯುದಲ್ಲಿ ಜೋರಿನವು ಎರಡು, ನಿಧಾನದವು ನಾಲ್ಕು. ಹಳೆಯದರಲ್ಲೇ ಒಂದು ಜಾಸ್ತಿ. ಮನೆ ಕೆಲಸಕ್ಕೆ ಇವು ಯಾವುವೂ ಸಾಲದೆ ಬರುವುದಿಲ್ಲ, ಅದು ಬೇರೆ ಮಾತು. ಹೇಳುವುದೇನೆಂದರೆ, ಹೆಸರು ನಂಬಿ ಮೂರು ನಾಲ್ಕು ಸಾವಿರ ಜಾಸ್ತಿ ಕೊಡಬೇಡಿ. ಪೂರ್ತಿ ನಂಬರ್ ಬರೆದುಕೊಂಡು ಮನೆಗೆ ಬನ್ನಿ, ನೋಡಿ, ಮರುದಿನ ಹೋಗಿ.

ಇನ್ನೊಂದು ಕಡೆ ಡಾಸ್ ಲ್ಯಾಪ್‌ಟಾಪ್ ತೋರಿಸಿದರು. ನಾಲ್ಕು ಸಾವಿರ ಕಡಿಮೆ. ವಿಂಡೋಸ್ ಇರುವುದಿಲ್ಲ, "ನಾವೇ ಹಾಕಿ ಕೊಡ್ತೀವ್ರಿ ಅಕ್ಕಾರ" ಅಂದರು. ಲೈಸೆನ್ಸ್ ಕೊಡ್ತೀರಾ ಅಂತ ಕೇಳಿದರೆ ಉತ್ತರವಿಲ್ಲ. ಎಲ್ಲಿಂದಲೋ ಇಳಿಸಿ ಹಾಕುವ ವಿಂಡೋಸ್‌ನಲ್ಲಿ ನಮ್ಮ ಬ್ಯಾಂಕ್ ಪಾಸ್‌ವರ್ಡ್ ಹಾಕಲು ನನಗೆ ಮನಸ್ಸಿಲ್ಲ. ಬೇಡ ಅಂದೆ.

ಕೊನೆಗೆ ತಗೊಂಡದ್ದು ಸ್ಟೇಷನ್ ರೋಡ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ. ಭಾನುವಾರ ಗಂಜ್ ರಜೆ. ಮಗಳನ್ನೂ ಅತ್ತೆಯನ್ನೂ ಕರ್ಕೊಂಡು ಹೋದೆ. ಅತ್ತೆ ಯಾಕೆ ಅಂತ ಮನೆಯವರು ಕೇಳಿದರು. ಮನೆಯಲ್ಲಿ ಕಣ್ಣು ಮಂದ ಇರುವವರು ಅವರೇ. ಅವರಿಗೆ ಕಂಡರೆ ಎಲ್ಲರಿಗೂ ಕಾಣುತ್ತದೆ.

ಅಂಗಡಿಯವರು ಮೂರು ಲ್ಯಾಪ್‌ಟಾಪ್ ತೆರೆದು ಸಾಲಾಗಿ ಇಟ್ಟರು. ಮುಟ್ಟಬೇಡಿ ಅನ್ನಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಅತ್ತೆ ಒಂದು ಸ್ಟೂಲ್ ಮೇಲೆ ಕೂತರು. ಮೊದಲನೆಯದರ ಪರದೆ ಟಿಎನ್. ನೇರ ಕೂತರೆ ಸರಿ, ಸ್ವಲ್ಪ ಪಕ್ಕಕ್ಕೆ ಸರಿದರೆ ಬಣ್ಣ ಕಪ್ಪಿಟ್ಟ ಹಾಗೆ. "ಇದ್ರಾಗ ಮಂದಿ ಮುಖಾನೇ ಕಾಣವಲ್ದವ್ವಾ" ಅಂದರು. ಎರಡನೆಯದು ಐಪಿಎಸ್, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ, ಆದರೆ 14 ಇಂಚು. ಮೂರನೆಯದು 15.6 ಇಂಚು, ಐಪಿಎಸ್, 1920 ಬೈ 1080. ಯೂಟ್ಯೂಬ್‌ನಲ್ಲಿ ಒಂದು ಕನ್ನಡ ತತ್ವಪದ ಹಚ್ಚಿ, ಕೆಳಗೆ ಸಾಹಿತ್ಯ ಬರುವ ಹಾಗೆ ಇಟ್ಟೆವು. ಅತ್ತೆ ಓದಿದರು. ಇದೊಂದು ಪರೀಕ್ಷೆ ದಯವಿಟ್ಟು ಎಲ್ಲರೂ ಮಾಡಿ. ಕನ್ನಡ ಅಕ್ಷರಕ್ಕೆ ಒತ್ತು, ಕೊಂಬು, ದೀರ್ಘ ಇರುತ್ತವೆ. 1366 ಬೈ 768 ಪರದೆಯಲ್ಲಿ ಸಣ್ಣ ಅಕ್ಷರದ ಒತ್ತುಗಳು ಕಲೆಸಿಕೊಳ್ಳುತ್ತವೆ. ಇಂಗ್ಲಿಷ್ ಅಕ್ಷರ ಮಾತ್ರ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಕೀಬೋರ್ಡಿನಲ್ಲಿ ನನಗೆ ಬೇಕಿದ್ದದ್ದು ಬಲಗಡೆ ಅಂಕಿಗಳ ಪ್ಯಾಡ್. 14 ಇಂಚಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, 15.6ರಲ್ಲಿ ಹೆಚ್ಚಾಗಿ ಇರುತ್ತದೆ. ಲೆಕ್ಕ ಬರೆಯುವವರಿಗೆ, ಕಾಮರ್ಸ್ ಓದುವ ಮಕ್ಕಳಿಗೆ ಇದು ದೊಡ್ಡ ವಿಷಯ. ಕಣ್ಣು ಕಾಗದದ ಮೇಲೆ, ಬಲಗೈ ಪ್ಯಾಡ್ ಮೇಲೆ. ಹಾಗೆ ನೂರು ವೋಚರ್ ಹೊಡೆದು ಅಭ್ಯಾಸವಾದವರಿಗೆ ಮೇಲಿನ ಸಾಲಿನ ಅಂಕಿ ಒತ್ತುವುದು ಹಿಂಸೆ. ಅಲ್ಲೇ ನೋಟ್‌ಪ್ಯಾಡ್ ತೆರೆದು ಎರಡು ನಿಮಿಷ ಅಂಕಿ ಹೊಡೆದೆ. ಮಗಳು ಹೊಡೆದಳು. ಕೀಲಿ ಆಳವಾಗಿ ಹೋಗುತ್ತಿತ್ತು, ಸದ್ದು ಕಡಿಮೆ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಮೆಮೊರಿ ಒತ್ತಿದರೆ, ಎರಡು ಸ್ಲಾಟ್‌ನಲ್ಲಿ ಒಂದು ಬಳಕೆಯಲ್ಲಿದೆ ಅಂತ ತೋರಿಸಿತು. ಅಂದರೆ ಮುಂದೆ ಇನ್ನೊಂದು ರ‍್ಯಾಮ್ ಕಡ್ಡಿ ಹಾಕಬಹುದು. ಬೋರ್ಡಿಗೆ ಅಂಟಿಸಿದ ರ‍್ಯಾಮ್ ಇದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ. ಹಿಂಬದಿ ಬಿಚ್ಚುವ ಅಗತ್ಯವೇ ಇಲ್ಲ. ನಾನು ಇದನ್ನು ಮಾಡುವುದು ನೋಡಿ ಅಂಗಡಿಯವರು ಖುಷಿಯಿಂದಲೇ ಮುಂದಿನದನ್ನು ತಾವೇ ತೋರಿಸಿದರು. ಏನೂ ತೆರೆಯದಿದ್ದಾಗಲೇ ಸುಮಾರು 3.5 ಜಿಬಿ ಬಳಕೆ ಇತ್ತು. 4 ಜಿಬಿ ಲ್ಯಾಪ್‌ಟಾಪ್ ಯಾಕೆ ಬೇಡ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮದು ಇದು: ಐ3-1215ಯು, 8 ಜಿಬಿ ಡಿಡಿಆರ್4, 512 ಜಿಬಿ ಎಸ್‌ಎಸ್‌ಡಿ, ಅಸಲಿ ವಿಂಡೋಸ್ 11, ಜೊತೆಗೆ ಒಂದೇ ಸಲ ಕೊಟ್ಟ ಆಫೀಸ್ ಲೈಸೆನ್ಸ್. ಈ ಕೊನೆಯದನ್ನು ಕೇಳಿ ತಿಳಿದುಕೊಳ್ಳಿ. ಕೆಲವದರಲ್ಲಿ ಆಫೀಸ್ ಇದೆ ಅಂತಾರೆ, ನೋಡಿದರೆ ಒಂದು ತಿಂಗಳ ಟ್ರಯಲ್. ಅದೂ ಇಲ್ಲದಿದ್ದರೆ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ, ಮನೆ ಕೆಲಸಕ್ಕೆ ಅದು ಸಾಕು. 512 ಜಿಬಿ ಅಂದದ್ದು ಒಳಗೆ 476 ಅಂತ ತೋರಿಸಿದರೆ ಗಾಬರಿಯಾಗಬೇಡಿ. ಕಂಪನಿ ಎಣಿಸುವ ರೀತಿ ಬೇರೆ, ವಿಂಡೋಸ್ ಎಣಿಸುವ ರೀತಿ ಬೇರೆ. ಹತ್ತಿ ಬೇಲಿನ ತೂಕದಲ್ಲಿ ಕದಿಯುವ ಹಾಗೆ ಇಲ್ಲಿ ಯಾರೂ ಕದ್ದಿಲ್ಲ.

ಕಂಪನಿಯ ಹೆಸರು ಹೇಳುತ್ತಿಲ್ಲ. ಬೇಕೆಂದೇ. ನಾನು ಬೇಡ ಅಂದ ಒಂದು ಲ್ಯಾಪ್‌ಟಾಪ್ ಮೇಲೂ ಇದೇ ಹೆಸರಿತ್ತು. ಹೆಸರು ಕೇಳಿ ಹೋದರೆ ಅದನ್ನೇ ತಂದುಬಿಡುತ್ತೀರಿ.

39,000 ಹೇಳಿದರು. 37,200ಕ್ಕೆ ಬಂತು, ಬ್ಯಾಗ್ ಮತ್ತು ಮೌಸ್ ಸೇರಿ. 18 ಪರ್ಸೆಂಟ್ ಜಿಎಸ್‌ಟಿ ಅದರೊಳಗೇ. ಬಿಲ್ ಇಲ್ಲದೆ ಇನ್ನೂ ಕಡಿಮೆ ಮಾಡುತ್ತಾರಾ ಅಂತ ಕೇಳಬೇಡಿ, ಕೊಟ್ಟರೂ ತಗೋಬೇಡಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನಾವು ದುಡ್ಡು ಕೊಡುವ ಮೊದಲು ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ನೋಡಿದೆವು. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟ ಪೀಸ್ ಆದರೆ ವಾರಂಟಿ ಆಗಲೇ ಶುರುವಾಗಿರಬಹುದು. ನಮ್ಮದು ಸರಿ ಇತ್ತು. ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸೋಣ ಅಂತ ಕೇಳಿದೆ. ಮೂರು ಸಾವಿರದ ಮೇಲೆ ಹೇಳಿದರು. ಆ ತಿಂಗಳುಗಳಲ್ಲಿ ರ‍್ಯಾಮ್ ರೇಟು ಎಲ್ಲ ಕಡೆ ಏರುತ್ತಿತ್ತು, ಎಐ ಕಂಪನಿಗಳ ದೊಡ್ಡ ದೊಡ್ಡ ಕಂಪ್ಯೂಟರ್‌ಗಳಿಗೆ ಚಿಪ್ ಹೋಗುತ್ತಿದ್ದ ಕಾರಣ. ಚೀಟಿ ದುಡ್ಡಿನಲ್ಲಿ ಉಳಿದದ್ದು 2,800. ಬಿಟ್ಟೆ. ಇವತ್ತಿನವರೆಗೆ 8 ಜಿಬಿ ಸಾಕಾಗಿದೆ. ಮಗಳು ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದು ಮೇಲೆ ವಿಡಿಯೋ ಕ್ಲಾಸ್ ಹಚ್ಚಿದ ದಿನ ಮಾತ್ರ ಸ್ವಲ್ಪ ತಡವರಿಸಿತು.

ಈಗ ಬಳಕೆ. ಕರೆಂಟ್ ವಿಷಯದಲ್ಲಿ ನೆಮ್ಮದಿ ಸಿಕ್ಕಿತು. ಪೂರ್ತಿ ಚಾರ್ಜ್ ಇದ್ದರೆ ಟ್ಯಾಲಿ, ಟೈಪಿಂಗ್‌ಗೆ ಐದು ಗಂಟೆ ಬರುತ್ತದೆ. ವಿಡಿಯೋ ಆದರೆ ಮೂರೂವರೆ. ಅಂಗಡಿಯಲ್ಲಿ ಹೇಳಿದ ಎಂಟು ಗಂಟೆ ಯಾವತ್ತೂ ಬಂದಿಲ್ಲ, ಬರುವುದೂ ಇಲ್ಲ ಅಂತ ತಿಳಿದೇ ತಗೊಳ್ಳಿ. ಚಾರ್ಜರ್ 45 ವಾಟ್. ಹಳೆಯ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಎಳೆಯುತ್ತಿದ್ದ ಕರೆಂಟಿನ ಮುಂದೆ ಇದು ಏನೂ ಅಲ್ಲ. ಮನೆಯ ಸಣ್ಣ ಇನ್ವರ್ಟರ್ ಇದನ್ನು ಆರಾಮಾಗಿ ತಡೆಯುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಬೇಸಿಗೆಯಲ್ಲಿ ಅದನ್ನು ಹಾಕಿಟ್ಟಿದ್ದೇನೆ. ಬಿಸಿಯಲ್ಲಿ ಪೂರ್ತಿ ತುಂಬಿಯೇ ಇಟ್ಟರೆ ಬ್ಯಾಟರಿ ಬೇಗ ಸೊರಗುತ್ತದೆ.

ಬಿಸಿಲಿನ ಬಗ್ಗೆ. ನಮ್ಮೂರವರು ಇದನ್ನು ಗಮನಿಸಲೇಬೇಕು. ಡಬ್ಬದಲ್ಲಿದ್ದ ಪುಸ್ತಕ ಓದಿದೆ. ಸುತ್ತಲಿನ ಗಾಳಿ 35 ಡಿಗ್ರಿ ಒಳಗಿದ್ದಾಗ ಬಳಸಬೇಕು ಅಂತ ಬರೆದಿದೆ. ಮನೆ ಬಳಕೆಯ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಇದೇ ಮಿತಿ. ರಾಯಚೂರಿನಲ್ಲಿ ಏಪ್ರಿಲ್, ಮೇ ಅಂದರೆ 40 ದಾಟುವುದು ಮಾಮೂಲು. ನಮ್ಮದು ಆರ್‌ಸಿಸಿ ಮನೆ, ಎಸಿ ಇಲ್ಲ. ಮಧ್ಯಾಹ್ನ ಎರಡಕ್ಕೆ ಮಾಳಿಗೆ ಕಾದು ಕೋಣೆ ಒಲೆಯ ಹಾಗಿರುತ್ತದೆ. ಆ ಹೊತ್ತಿನಲ್ಲಿ ವಿಡಿಯೋ ಹಚ್ಚಿದರೆ ಫ್ಯಾನ್ ಜೋರಾಗಿ ಕೂಗುತ್ತದೆ, ಕೆಲಸ ನಿಧಾನವಾಗುತ್ತದೆ. ತಾನು ಬಿಸಿಯಾಗದಿರಲು ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ದೊಡ್ಡ ಪ್ರೊಸೆಸರ್‌ಗೆ ದುಡ್ಡು ಹಾಕಿದ್ದರೂ ನಮ್ಮ ಮಧ್ಯಾಹ್ನದಲ್ಲಿ ಅದು ಪೂರ್ತಿ ವೇಗದಲ್ಲಿ ಓಡುತ್ತಿರಲಿಲ್ಲ. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಡುವುದನ್ನು ನಾನು ಮನೆಯಲ್ಲಿ ನಿಲ್ಲಿಸಿದೆ. ಗಾಳಿ ಎಳೆಯುವ ರಂಧ್ರ ಅಡಿಯಲ್ಲೇ ಇದೆ, ಬಟ್ಟೆ ಮುಚ್ಚಿದರೆ ಉಸಿರು ಕಟ್ಟಿದ ಹಾಗೆ. ಒಂದು ಮರದ ಹಲಗೆ ಇಟ್ಟಿದ್ದೇವೆ, ಹಿಂಬದಿಗೆ ಎರಡು ಕಟ್ಟಿಗೆ ತುಂಡು ಕೊಟ್ಟು ಎತ್ತರ ಮಾಡಿದ್ದೇವೆ. ಬೇಸಿಗೆಯಲ್ಲಿ ಕೆಲಸ ಬೆಳಗ್ಗೆ ಹತ್ತರೊಳಗೆ, ಇಲ್ಲ ರಾತ್ರಿ. ಧೂಳೂ ಬಹಳ. ಕೆಲಸ ಮುಗಿದ ಮೇಲೆ ಹತ್ತಿ ಬಟ್ಟೆ ಹೊದಿಸುತ್ತೇವೆ, ಬಳಸುವಾಗ ತೆಗೆಯುತ್ತೇವೆ.

ಕನ್ನಡದ ವಿಷಯದಲ್ಲಿ ನಾನು ಬಹಳ ಸಂತೋಷಪಟ್ಟೆ. ವಿಂಡೋಸ್ 11ರಲ್ಲಿ ಕನ್ನಡ ಕೀಬೋರ್ಡ್ ಒಳಗೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯಿತು. ಫೋನೆಟಿಕ್ ಕೂಡ ಇದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ, ಮಗ ಎರಡೇ ದಿನದಲ್ಲಿ ಕಲಿತ. ನಾನು ನುಡಿ ಕೀಲಿ ವಿನ್ಯಾಸದಲ್ಲಿ ಟೈಪಿಂಗ್ ಕಲಿತವಳು, ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಂಡೆ. ಒಂದೇ ತೊಂದರೆ ಬಂತು. ಸಂಘದ ಹಳೆಯ ನಡಾವಳಿಗಳು ಹಳೆಯ ನುಡಿ ಫಾಂಟ್‌ನಲ್ಲಿ ಇದ್ದವು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಫೈಲ್ ಕೆಟ್ಟಿಲ್ಲ, ಅವು ಎಲ್ಲ ಕಡೆ ತೆರೆಯುವ ಯೂನಿಕೋಡ್ ಅಕ್ಷರ ಅಲ್ಲ ಅಷ್ಟೇ. ಪರಿವರ್ತಕದಲ್ಲಿ ಹಾಕಿ ಒಂದೊಂದೇ ಬದಲಿಸಿದೆ, ನಾಲ್ಕು ರಾತ್ರಿ ಹಿಡಿಯಿತು. ಈಗ ಅವು ಫೋನಿನಲ್ಲೂ ತೆರೆಯುತ್ತವೆ. ಸಂಘದ ಅಧ್ಯಕ್ಷೆ 2019ರ ನಡಾವಳಿಯನ್ನು ತಮ್ಮ ಫೋನಿನಲ್ಲಿ ಓದಿ, ನನ್ನ ಕೈ ಹಿಡಿದುಕೊಂಡರು.

ಕೊರತೆಗಳೂ ಇವೆ. ಸ್ಪೀಕರ್ ಸದ್ದು ಬಹಳ ಕಡಿಮೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅತ್ತೆಗೆ ಪದ ಕೇಳಿಸುವುದಿಲ್ಲ, 600 ರೂಪಾಯಿ ಕೊಟ್ಟು ಬೇರೆ ಸ್ಪೀಕರ್ ತಂದೆ. ಪರದೆಯ ಬೆಳಕು 250 ನಿಟ್ಸ್. ಒಳಗೆ ಸಾಕು, ಪಡಸಾಲೆಯಲ್ಲಿ ಹಗಲು ಕೂತರೆ ಮಂಕು. ಬಣ್ಣವೂ ಸ್ವಲ್ಪ ಸಪ್ಪೆ. ಸೀರೆ ಬಣ್ಣ ನೋಡಿ ಆರ್ಡರ್ ಮಾಡುವುದಾದರೆ ಫೋನಿನಲ್ಲೇ ನೋಡಿ. ಕ್ಯಾಮೆರಾ 720ಪಿ, ರಾತ್ರಿ ಮುಖ ಮಸುಕು. ಈ ಬೆಲೆಯಲ್ಲಿ ಇವನ್ನು ಒಪ್ಪಿಕೊಂಡೇ ತಗೊಂಡೆ.

ಎರಡನೇ ತಿಂಗಳಲ್ಲಿ ಒಂದು ತಾಪತ್ರಯ ಆಯಿತು. ಅಂಕಿ ಪ್ಯಾಡಿನ ಸೊನ್ನೆ ಕೀಲಿ ಒತ್ತಿದರೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಲೆಕ್ಕದಲ್ಲಿ ಸೊನ್ನೆ ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಾಲ್ಕು ಸಾವಿರ ನಾನೂರಾಗುತ್ತದೆ. ತಗೊಳ್ಳುವಾಗಲೇ ನಾನು ಕೇಳಿದ್ದ ಒಂದು ಪ್ರಶ್ನೆ ಆಗ ಕೈ ಹಿಡಿಯಿತು: ವಾರಂಟಿ ಮನೆಗೆ ಬಂದು ಮಾಡುವುದಾ, ನಾವು ಒಯ್ಯುವುದಾ? ಒಯ್ಯುವುದಾದರೆ ಯಾವ ಊರಿಗೆ? ನಮ್ಮದು ಒಂದು ವರ್ಷ ಮನೆಗೆ ಬಂದು ಮಾಡುವ ವಾರಂಟಿ. ಫೋನ್ ಮಾಡಿದೆ. ಮೊದಲು ಅವರು ಹೇಳಿದ ಹಾಗೆ ಅಪ್‌ಡೇಟ್ ಮಾಡು, ರೀಸ್ಟಾರ್ಟ್ ಮಾಡು ಅಂತ ಒಂದು ಗಂಟೆ ಹೋಯಿತು. ಸೊನ್ನೆ ಬರದಿರುವುದನ್ನು ಮಗಳು ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿದಳು. ಆಮೇಲೆ ಮಾತು ಬೇಗ ಮುಗಿಯಿತು. ಬಿಡಿಭಾಗ ಬರಲು ಆರು ದಿನ. ಏಳನೇ ದಿನ ಒಬ್ಬ ಹುಡುಗ ಬಂದು ಕೀಬೋರ್ಡ್ ಪೂರ್ತಿ ಬದಲಿಸಿ ಹೋದ. ದುಡ್ಡು ಕೇಳಲಿಲ್ಲ. ಆ ಏಳು ದಿನ ನನಗೆ ಬೇಸರವೇ ಆಗಿತ್ತು, ಆದರೆ ಬೇರೆ ಊರಿಗೆ ಹೊತ್ತುಕೊಂಡು ಹೋಗುವುದಕ್ಕಿಂತ ಎಷ್ಟೋ ಮೇಲು. ಎರಡು ಸಾವಿರ ಉಳಿಸಲು ಒಯ್ದು ಕೊಡುವ ವಾರಂಟಿಯ ಲ್ಯಾಪ್‌ಟಾಪ್ ತಗೊಳ್ಳಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಕಾಲೇಜಿನ ಪರೀಕ್ಷೆ ಅರ್ಜಿ ಈ ಸಲ ಮನೆಯಲ್ಲೇ ತುಂಬಿದೆವು. ರಾತ್ರಿ ಹತ್ತಕ್ಕೆ, ಕರೆಂಟ್ ಇರಲಿಲ್ಲ, ಫೋನಿನ ಇಂಟರ್ನೆಟ್ ಕೊಟ್ಟು. ಮಗಳ ಇಬ್ಬರು ಗೆಳತಿಯರೂ ಬಂದಿದ್ದರು. ಮೊದಲಾದರೆ ನೆಟ್ ಸೆಂಟರ್ ಮುಂದೆ ಸಾಲು, ಒಂದು ಫಾರಂಗೆ ನೂರು ರೂಪಾಯಿ. ಮೂರೂ ಹುಡುಗಿಯರು ತಾವೇ ಓದಿ, ತಾವೇ ತುಂಬಿ, ರಸೀದಿ ಪಿಡಿಎಫ್ ಇಟ್ಟುಕೊಂಡರು.

ಎದುರು ಮನೆಯ ಅಕ್ಕ ಮಗನಿಗೆ ಒಂದು ಲ್ಯಾಪ್‌ಟಾಪ್ ಬೇಕು, ಜೊತೆಗೆ ಬಾ ಅಂದಿದ್ದಾರೆ. ಮೊದಲು ಹತ್ತು ದಿನ ಬರೆಯಿರಿ ಅಂತ ನಮ್ಮ ನೋಟ್‌ಬುಕ್ಕನ್ನೇ ಕೊಟ್ಟೆ, ಖಾಲಿ ಪುಟ ಇನ್ನೂ ಇವೆ. ನಿನ್ನೆ ತಂದು ತೋರಿಸಿದರು. ಅವರ ಮಗ ಡಿಪ್ಲೊಮಾ, ನಕ್ಷೆ ಬಿಡಿಸುವ ಆಟೋಕ್ಯಾಡ್ ಅಂತ ಬರೆದಿದ್ದಾನೆ. ಹಾಗಾದರೆ ನಮ್ಮ ಲೆಕ್ಕ ಅವರಿಗೆ ಸರಿಹೋಗುವುದಿಲ್ಲ, 16 ಜಿಬಿಯಿಂದ ಶುರುಮಾಡಿ ಹೊಸದಾಗಿ ನೋಡಬೇಕು. ಭಾನುವಾರ ಹೋಗುತ್ತೇವೆ. ಹುಡುಗನೂ ಬರಲಿ ಅಂದಿದ್ದೇನೆ, ಕೂತು ಬಳಸುವವನು ಅವನೇ ಅಲ್ವಾ.